ಪರದೇಶದ ಬಚ್ಚಲು

ಪರದೇಶಕ್ಕೂ ಪರದೇಶಿಗೂ ನಡುವೆ ಇರುವುದು ಒಂದು ಗುಡಿಸು ಮಾತ್ರ. ಅಕ್ಷರಕ್ಕೆ ಕೊಡುವ ಗುಡಿಸೂ ಅದೇ, ಕಸ ತೋರಿಸಿ ಸಾಹೇಬರು ಹೇಳುವ ಗುಡಿಸೂ ಅದೇ. ಅದು ಎಲ್ಲಿ ಬಂದು ಅಂಟಿಕೊಳ್ಳುತ್ತದೆಂದು ಹೊರಟವನಿಗೆ ಗೊತ್ತಾಗುವುದಿಲ್ಲ. ಮಸ್ಕತ್ತಿಗೆ ಹೊರಟ ಜಟ್ಟೆಪ್ಪನಿಗೆ ಅದು ಪುಣೆಯ ಒಂದು ಬಚ್ಚಲುಮನೆಯಲ್ಲಿ ಅಂಟಿಕೊಂಡಿತು. ಇದು ನಡೆದ ಕಥೆ. ಸುಳ್ಳು ಕಟ್ಟುವುದಕ್ಕೆ ಒಂದಿಷ್ಟು ಆಸೆಯಾದರೂ ಬೇಕು. ಇದರಲ್ಲಿ ಬರುವವರ ಬಳಿ ಇದ್ದ ಆಸೆಯೆಲ್ಲ ಅದೇ ಬಚ್ಚಲಿನಲ್ಲಿ ಹರಿದುಹೋಯಿತು.

ಗುಡಿಸಿನ ಈ ವ್ಯಾಕರಣ ಜೈಭೀಮನದು. ಆಳಂದದ ಕಡೆಯವನು. ಬಿ.ಎ. ಪಾಸು, ಅದೂ ಐಚ್ಛಿಕ ಕನ್ನಡ. ಪುಣೆಯಲ್ಲಿ ಅವನ ಕೆಲಸ ಟೈಲುಗಳ ನಡುವಿನ ಸಂದಿಗೆ ಬಿಳಿ ಸಿಮೆಂಟು ತುಂಬುವುದು. “ಕಾಲೇಜಿನ್ಯಾಗ ಸಂಧಿ ಬಿಡಿಸಿದೆ, ಇಲ್ಲಿ ಸಂದಿ ತುಂಬ್ಲಕತ್ತೀನಿ. ಆದೇಶ ಮುಕಾದಮಂದು, ಲೋಪ ನಮ್ದು, ಆಗಮ ಇನ್ನಾ ಆಗಿಲ್ಲ” ಎನ್ನುತ್ತಿದ್ದ. ಯಾರ ದನಿಯನ್ನು ಒಮ್ಮೆ ಕೇಳಿದರೂ ಅದು ಅವನ ಗಂಟಲಿಗೆ ಬಂದು ಕೂತುಬಿಡುತ್ತಿತ್ತು. ಕೂಲಿಯವರನ್ನು ದುಡಿಸುವ ಮುಕಾದಮನ ಕೆಮ್ಮು, ಮುಂದೆ ನಡೀರಿ ಎನ್ನುವ ಬಸ್ ಕಂಡಕ್ಟರನ “ಪುಢೆ ಚಲಾ”, ಸ್ವಾರಗೇಟ ಸ್ಟ್ಯಾಂಡಿನಲ್ಲಿ ಬಸ್ಸು ಕರೆಯುವ ಹೆಂಗಸಿನ ನಿದ್ದೆಗಣ್ಣಿನ ಮರಾಠಿ, ಎಲ್ಲ. ಧನಕವಡಿಯಿಂದಾಚೆ ಗುಡ್ಡದ ಬುಡದಲ್ಲಿ ಸಾಲಾಗಿ ನಿಂತ ತಗಡಿನ ಶೆಡ್ಡುಗಳಲ್ಲಿ ಸಂಜೆಯಾದರೆ ಅವನದೇ ನಾಟಕ.

ಜಟ್ಟೆಪ್ಪ ಅವನ ತಾಯಿಯ ತಮ್ಮ. ಟೈಲು ಹಚ್ಚುವ ಮಿಸ್ತ್ರಿ. ಅದು ನಿಂತು ಮಾಡುವ ಕೆಲಸವಲ್ಲ, ಕೂತು ಮಾಡುವುದೂ ಅಲ್ಲ. ಮೊಣಕಾಲೂರಿ ಮಾಡುವುದು. ದೇವರ ಮುಂದೆ ಅಷ್ಟು ಮೊಣಕಾಲೂರಿದ್ದರೆ ಆ ದೇವರೇ ನಾಚಿ ಎದ್ದು ಹೋಗುತ್ತಿದ್ದ. ಮೊಣಕಾಲಿನ ಚರ್ಮ ಎತ್ತಿನ ಹೆಗಲಿನ ಹಾಗೆ ದಪ್ಪಗೆ, ಕಪ್ಪಗೆ ಆಗಿತ್ತು. ಒಳಗೆ ನೀರು ತುಂಬಿಕೊಂಡಿತ್ತು. ಬೆಳಿಗ್ಗೆ ತಗಡಿನ ಗೋಡೆ ಹಿಡಿದು ಏಳುತ್ತಿದ್ದ. ಗೋಡೆ ನಡುಗಿದರೆ ಪಕ್ಕದ ಶೆಡ್ಡಿನವರು “ಜಟ್ಟೆಪ್ಪ ಎದ್ದ” ಎಂದು ತಾವೂ ಏಳುತ್ತಿದ್ದರು. ಇನ್ನೆರಡು ವರ್ಷ ನಡೆದರೆ ಹೆಚ್ಚು ಎಂದು ಸರಕಾರಿ ದವಾಖಾನೆಯ ಡಾಕ್ಟರು ಆ ಕಾಲುಗಳ ಹಣೆಬರಹ ಹೇಳಿಯಾಗಿತ್ತು.

“ಕಾಲು ಪೂರಾ ಹೋಗೂದ್ರಾಗ ಒಂದ್ ಸಲ ಮಸ್ಕತ್ತಿಗಿ ಹೋಗಿ ಬಂದ್ ಬಿಡ್ತೀನಿ” ಎಂದು ಜಟ್ಟೆಪ್ಪ ಹೇಳುತ್ತಿದ್ದ. ಅಲ್ಲಿ ದುಡಿದು ಬಂದರೆ ಊರಲ್ಲಿ ಒಂದು ಖೋಲಿ ಕಟ್ಟಿಸಬೇಕು. ಖೋಲಿಗಿಂತ ಮೊದಲು ಪಾಯಖಾನೆ. ಅದು ಅವನ ಹೆಂಡತಿ ಸಾಬವ್ವನಿಗಾಗಿ. ಶೆಡ್ಡುಗಳ ಸಾಲಿಗೆಲ್ಲ ಸೇರಿ ಇದ್ದದ್ದು ಎರಡು ಪಾಯಖಾನೆ. ಒಂದಕ್ಕೆ ಮುಕಾದಮನ ಬೀಗ. ಇನ್ನೊಂದಕ್ಕೆ ಬಾಗಿಲೇ ಇಲ್ಲ. ಹೆಂಗಸರು ನಸುಕಿಗೆ ನಾಲೆಯ ದಂಡೆಗೆ ಹೋಗಿ ಬಂದರೆ ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಸಾಬವ್ವ ಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ದಿನವಿಡೀ ಬೇರೆಯವರ ಬಚ್ಚಲುಮನೆಗೆ ಸಿಮೆಂಟು ಹೊತ್ತು, ತನ್ನ ನೀರು ತಾನೇ ತಡೆದುಕೊಂಡು ಬದುಕುವ ಹೆಂಗಸು. ಉರಿಮೂತ್ರ ಬಂದಾಗ ಮಾತ್ರ ಹಲ್ಲು ಕಚ್ಚಿ, “ಮಸ್ಕತ್ತು ಎಂದ್ ಹೋಗ್ತದೋ ನಿಂದು” ಎಂದು ಗಂಡನನ್ನು ಬೈಯುತ್ತಿದ್ದಳು.

“ಮಸ್ಕತ್ತು ಅಂದ್ರ ಏನು ಗೊತ್ತೇನ್ ಅತ್ತಿ,” ಜೈಭೀಮ ನಡುವೆ ಬಾಯಿ ಹಾಕುತ್ತಿದ್ದ. “ಮೊದ್ಲು ಮಸ್ಕಾ ಹಚ್ಚೂದು, ಆಮ್ಯಾಲ ಕತ್ತು ಕೊಡೂದು.”

“ಕತ್ತ್ ಬೇಕಂದ್ರ ತಗೊಂಡ್ ಹೋಗ್ಲಿ,” ಎನ್ನುತ್ತಿದ್ದ ಜಟ್ಟೆಪ್ಪ. “ಮೊಣಕಾಲ್ ಬಿಟ್ರ ಸಾಕು.”

ಮಸ್ಕಾ ಹಚ್ಚುವ ಜಾಗ ಸ್ವಾರಗೇಟ ಸ್ಟ್ಯಾಂಡಿನ ಎದುರು ಮಹಡಿಯ ಮೇಲಿತ್ತು. ಬೋರ್ಡಿನ ಮೇಲೆ ವಿಮಾನದ ಚಿತ್ರ, ಅದರ ಕೆಳಗೆ ಮ್ಯಾನ್‌ಪವರ್ ಎಂದು ಇಂಗ್ಲಿಷಿನಲ್ಲಿ. “ಮ್ಯಾನ್ ನಾವು, ಪವರ್ ಅವಂದು” ಎಂದು ಜೈಭೀಮ ಮೆಟ್ಟಿಲಲ್ಲೇ ಹೇಳಿದ್ದ. ಆ ಪವರಿನ ಹೆಸರು ಶ್ರೀನಾಥ್. ಮೈಸೂರು ಕಡೆಯವನು, ಇಸ್ತ್ರಿ ಮಾಡಿದ ಮಾತು. ಬೇರೆ ಏಜನ್ಸಿಗಳ ಮರಾಠಿ, ಹಿಂದಿಗೆ ಹೆದರಿದ್ದ ಜಟ್ಟೆಪ್ಪ ಅವನ ಕನ್ನಡ ಕೇಳಿದ್ದೇ ಕರಗಿಹೋದ.

“ಬನ್ನಿ ಬನ್ನಿ, ನಮ್ಮೋರೇ,” ಎಂದ ಶ್ರೀನಾಥ್. ಪಾಸ್‌ಪೋರ್ಟು ತಿರುವಿ ಹಾಕುತ್ತ ಜೈಭೀಮನ ಹೆಸರಿನ ಮೇಲೆ ಬೆರಳು ನಿಲ್ಲಿಸಿದ. “ಜೈಭೀಮ. ಇದು ಹೆಸರಾ, ಘೋಷಣೆನಾ?”

“ಎರಡೂ ಹೌದ್ರಿ. ನೀವು ಕರದ್ರ ಹೆಸ್ರು, ನಾವು ಒದರಿದ್ರ ಘೋಷಣಾ.”

ಶ್ರೀನಾಥ್ ನಗಲಿಲ್ಲ. “ಫಾರಿನ್ ಕ್ಲೈಂಟ್ ಮುಂದೆ ಜೆ.ಬಿ. ಅಂತ ಇಟ್ಕೊಳ್ಳಿ. ಸುಮ್ನೆ ಯಾಕೆ,” ಎಂದ. ಅಂದಿನಿಂದ ಅವನ ಬಾಯಲ್ಲಿ ಜೈಭೀಮ ಜೆ.ಬಿ. ಆದ. ಊರಲ್ಲಿ ಗೌಡರು ಆ ಹೆಸರು ಕರೆಯಲಾರದೆ ‘ಏ ಬಿ.ಎ.’ ಎನ್ನುತ್ತಿದ್ದರು. ಇಲ್ಲಿ ಜೆ.ಬಿ. ಅಂತೂ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಅವನಿಗೆ ಬಡ್ತಿ ಸಿಗುತ್ತಿತ್ತು.

ಆಮೇಲೆ ಇಂಟರ್‌ವ್ಯೂ. ಮಸ್ಕತ್ತಿನ ಕಂಪನಿಯ ಯಜಮಾನ ಖಮೀಸ್ ಸಾಹೇಬ ಫೋನಿನಲ್ಲಿ ಮಾತಾಡುತ್ತಾರೆ ಎಂದ ಶ್ರೀನಾಥ್. “ನಾನಿದ್ರೆ ನಿಮಗೆ ಸಂಕೋಚ. ಫ್ರೀಯಾಗಿ ಮಾತಾಡಿ,” ಎಂದು ಮೇಜಿನ ಮೇಲೆ ಒಂದು ಫೋನು ಇಟ್ಟು ತಾನು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಫೋನು ಬಡಿದುಕೊಂಡಿತು. ಮೂಗಿನಿಂದ ಹೊರಡುವ, ಎರಡೆರಡು ಮಾತಿಗೆ ನಿಂತು ಉಸಿರೆಳೆಯುವ, ಭಾರವಾದ ದನಿ.

“ಹಲೋ ಮಿಸ್ತ್ರಿ. ಹಮ್ ಖಮೀಸ್. ಘುಟನಾ ಠೀಕ್ ಹೈ?”

ಮೊಣಕಾಲು ಚೆನ್ನಾಗಿದೆಯೇ ಎಂದು ಕೇಳುತ್ತಿತ್ತು ಆ ದನಿ. ಜಟ್ಟೆಪ್ಪ ಕುರ್ಚಿಯಿಂದ ಎದ್ದು ನಿಂತ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. “ಠೀಕ್ ಹೈ ಸಾಬ್,” ಎಂದ. ನಿಂತದ್ದಕ್ಕೆ ಮೊಣಕಾಲು ನಡುಗುತ್ತಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ ಅವನಿಗೆ ಅದೊಂದೇ ಮಾತು. “ಮುಕಾದಮ ಒಂದಿನ ಕೇಳ್ಯಾನೇನು ಮೊಣಕಾಲ್ ಹ್ಯಾಂಗವ ಅಂತ? ಅಷ್ಟ್ ದೊಡ್ಡ ಮನಷ್ಯಾ, ಸಮುದ್ರದ ಆ ಕಡಿ ಕುಂತು ಕೇಳ್ದ ನೋಡು.”

“ಖಮೀಸ್ ಅಂದ್ರ ಅಂಗಿ ಮಾಮಾ. ಅಂಗಿಗಿ ಮೊಣಕಾಲಿನ ಚಿಂತಿ ಯಾಕ್ ಬಂತು?”

“ಮುಚ್ಚೋ ಬಾಯಿ.”

ಜೈಭೀಮ ಬಾಯಿ ಮುಚ್ಚಲಿಲ್ಲ. ಅಂದು ಸಂಜೆ ಶೆಡ್ಡಿನಲ್ಲಿ ಮೂಗು ಹಿಡಿದು “ಘುಟನಾ ಠೀಕ್ ಹೈ” ಎಂದಾಗ ಎಲ್ಲರೂ ನಕ್ಕರು. ಸಾಬವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಜಟ್ಟೆಪ್ಪ ಮಾತ್ರ ನಗಲಿಲ್ಲ. ಅಳಿಯನ ಬಾಯಿಂದ ಬಂದ ದನಿಗೂ ಅವನು ನೆಟ್ಟಗೆ ಕೂತು, ಮೆಲ್ಲಗೆ, “ಠೀಕ್ ಹೈ ಸಾಬ್” ಎಂದ. ಆಗ ನಗು ತಾನೇ ನಿಂತಿತು.

ವೀಸಾಕ್ಕೆ ಬೇಕೆಂದು ಪಾಸ್‌ಪೋರ್ಟುಗಳು ಶ್ರೀನಾಥನ ಡ್ರಾಯರು ಸೇರಿದವು. ಇನ್ನು ಉಳಿದದ್ದು ಟ್ರೇಡ್ ಟೆಸ್ಟು. ಕೈಕೆಲಸದ ಪರೀಕ್ಷೆ. ಅದರಲ್ಲಿ ಪಾಸಾದರೆ ಟಿಕೆಟ್ಟು. ಮಗರಪಟ್ಟಾದಿಂದ ಮುಂದೆ ಏಳುತ್ತಿದ್ದ ಒಂದು ಗೋಪುರದ ಬಿಲ್ಡರು ಪುಣ್ಯಾತ್ಮ, ಅಭ್ಯಾಸಕ್ಕೆಂದು ತನ್ನ ಬಚ್ಚಲುಮನೆಗಳನ್ನು ಬಿಟ್ಟುಕೊಟ್ಟಿದ್ದಾನೆ ಎಂದ ಶ್ರೀನಾಥ್. ಫೇಲಾದವರ ಟೈಲು ಕಿತ್ತು ಎಸೆಯುತ್ತಾರೆ, ಅದು ಪಾಪ ಬಿಲ್ಡರಿಗೆ ನಷ್ಟ. ಆದ್ದರಿಂದ ಮೈಯೆಲ್ಲ ಕಣ್ಣಾಗಿ ಮಾಡಬೇಕು. ಸಿಮೆಂಟು ಬಳಿಯುವ ಥಾಪಿ, ಸುತ್ತಿಗೆ ನಿಮ್ಮದೇ. ಬುತ್ತಿ ನಿಮ್ಮದೇ. ಸಾಮಾನು ಹೊರುವ ಹೆಲ್ಪರನ್ನೂ ನೀವೇ ಕರೆತರಬೇಕು.

“ಪರೀಕ್ಷಾ ಇವಂಗ, ಹೊರೂದು ನಂಗ,” ಎಂದಳು ಸಾಬವ್ವ. ಬಂದಳು.

ಮೊದಲ ಪರೀಕ್ಷೆ ಒಂಬತ್ತನೆಯ ಮಹಡಿಯಲ್ಲಿ. ನೆಲಕ್ಕೆ ಕಲ್ಲಿನ ಬಣ್ಣದ ಟೈಲು, ಗೋಡೆಯ ನಡುವೆ ಸಮುದ್ರದ ಚಿಪ್ಪಿನ ಚಿತ್ರವಿದ್ದ ಒಂದು ಸಾಲು. ಜಟ್ಟೆಪ್ಪ ಆ ದಿನ ಉಂಡಿರಲಿಲ್ಲ. ನೆಲದ ಢಾಳ, ಅಂದರೆ ನೀರು ಮೋರಿಯ ಕಡೆ ಇಳಿಯುವ ಇಳಿಜಾರು, ಅಂಗೈಯಿಂದಲೇ ತಡವಿ ತಡವಿ ಕೂಡಿಸಿದ್ದ. ಸಂಜೆ ಶ್ರೀನಾಥ್ ಬಂದು ಕಾರಿನ ಕೀಲಿಯಿಂದ ಟೈಲು ಕುಟ್ಟಿದ. ಕಿವಿ ಇಟ್ಟು ಆಲಿಸುವ ಹಾಗೆ ಮಾಡಿದ. “ಪೊಳ್ಳು ಇದೆ ಕಣ್ರೀ. ಖಮೀಸ್ ಸಾಹೇಬ್ರು ಒಪ್ಪಲ್ಲ,” ಎಂದು ಬೇಸರದಿಂದ ತಲೆಯಾಡಿಸಿದ.

ಜಟ್ಟೆಪ್ಪ ಅಂದು ರಾತ್ರಿಯೂ ಉಣ್ಣಲಿಲ್ಲ. “ಅವರ ಚಿಪ್ಪಿನ ಟೈಲೆಲ್ಲ ಹಾಳ ಮಾಡಿದೆ,” ಎಂದು ಕೊರಗಿದ.

ಎರಡನೆಯ ಪರೀಕ್ಷೆ ಹನ್ನೊಂದನೆಯ ಮಹಡಿಯಲ್ಲಿ. ಅಲ್ಲೂ ಪೊಳ್ಳು. ಕೆಲವು ವಾರ ಬಿಟ್ಟು ಮೂರನೆಯದು, ಹದಿನಾಲ್ಕರಲ್ಲಿ. “ಫೇಲ್ ಆದಂಗೆಲ್ಲ ನಾವು ಮ್ಯಾಲಮ್ಯಾಲ ಹೊಂಟೀವಿ ಮಾಮಾ,” ಎಂದ ಜೈಭೀಮ. “ಇನ್ನೆರಡು ಸಲ ಫೇಲ್ ಆದ್ರ ವಿಮಾನದ ಕಿಡಕಿಗೇ ಕೈ ಹತ್ತತದ.”

ಆ ದಿನ ಲಿಫ್ಟಿನ ಮೇಲೆ ಮರಾಠಿಯಲ್ಲಿ ಒಂದು ಕಾಗದ ಅಂಟಿಸಿದ್ದರು. ಮಾಲಕರಿಗೆ ಮತ್ತು ಮಾಲಿಗೆ ಮಾತ್ರ. ಕೂಲಿಯವರು ಎರಡೂ ಅಲ್ಲ. ಟೈಲಿನ ಪೆಟ್ಟಿಗೆಗಳು ಲಿಫ್ಟಿನಲ್ಲಿ ಹೋದವು. ಅವನ್ನು ಹೊತ್ತು ತಂದು ಲಿಫ್ಟಿನೊಳಗೆ ಇಟ್ಟ ಸಾಬವ್ವ ಮೆಟ್ಟಿಲಿನಲ್ಲಿ ಹತ್ತಿದಳು. ಹದಿನಾಲ್ಕರಲ್ಲಿ ನಳಕ್ಕೆ ನೀರಿರಲಿಲ್ಲ. ಎರಡು ಮಹಡಿ ಕೆಳಗಿನ ಡ್ರಮ್ಮಿನಿಂದ ನೀರು ತುಂಬಿ ತಲೆಯ ಮೇಲೆ ಹೊತ್ತು ತಂದಳು. ಸಿಮೆಂಟು ಕಲಸಿ ಘಮೇಲಾ ತುಂಬಿ ಗಂಡನ ಕೈಗೆ ಕೊಟ್ಟಳು. ಮತ್ತೆ ನೀರು. ಮತ್ತೆ ಘಮೇಲಾ. ತಲೆಯ ಮೇಲೆ ಕೊಡ ತುಂಬ ನೀರು, ತುಟಿಗೆ ಒಂದು ಹನಿ ಇಲ್ಲ.

ಆ ಫ್ಲ್ಯಾಟಿನ ಬೇರೆ ಬೇರೆ ಬಚ್ಚಲುಗಳಲ್ಲಿ, ಎದುರಿನ ಫ್ಲ್ಯಾಟಿನಲ್ಲಿ, ಇನ್ನೂ ಕೆಲವರು ಪರೀಕ್ಷೆಗೆ ಕೂತಿದ್ದರು. ಅಲ್ಲ, ಮೊಣಕಾಲೂರಿದ್ದರು. ಅಫಜಲಪುರದವರು, ಸೊಲ್ಲಾಪುರದವರು, ಝಾರ್ಖಂಡದ ಇಬ್ಬರು. ಎಲ್ಲ ಕಡೆಯಿಂದ ರಬ್ಬರಿನ ಸುತ್ತಿಗೆಯ ಟಪ್ ಟಪ್. ಯಾರೂ ಮಾತಾಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಮಾತಾಡಬಾರದೆಂದು ಶಾಲೆಯಲ್ಲಿ ಕಲಿತದ್ದು, ಶಾಲೆಗೆ ಹೋಗದವರಿಗೂ ಗೊತ್ತಿತ್ತು.

ಮಧ್ಯಾಹ್ನ ಜೈಭೀಮನಿಗೆ ಉಚ್ಚೆಗೆ ಅವಸರವಾಯಿತು. ಮೇಲೆ ಎಲ್ಲಿಯೂ ಹೋಗುವ ಹಾಗಿಲ್ಲ, ಕಾವಲಿನವನು ಮೂಸಿ ನೋಡುತ್ತಾನೆ. ಕೆಳಗೆ ಕಂಪೌಂಡಿನ ಹಿಂದೆ ಎರಡು ತಗಡು ನಿಲ್ಲಿಸಿದ್ದಾರೆ, ಅಲ್ಲಿಗೇ ಹೋಗಬೇಕು. ಮೆಟ್ಟಿಲು ಇಳಿಯತೊಡಗಿದ. ಒಂಬತ್ತನೆಯ ಮಹಡಿಗೆ ಬಂದವನು ನಿಂತ.

ಲಿಫ್ಟಿನ ಎಡಗಡೆಯ ಫ್ಲ್ಯಾಟಿನ ಬಾಗಿಲು ತೆರೆದಿತ್ತು. ಬಾಗಿಲಿಗೆ ಮಾವಿನ ತೋರಣ, ಚೆಂಡುಹೂವಿನ ಮಾಲೆ. ಒಳಗಿನಿಂದ ಉಕ್ಕಿದ ಹಾಲಿನ ವಾಸನೆ. ಜನ ಉಂಡು ಹೋಗಿದ್ದರು. ಹೊಸ ಸೀರೆಯುಟ್ಟ ಹೆಂಗಸೊಬ್ಬಳು ಎಲೆಗಳನ್ನು ಎತ್ತುತ್ತಿದ್ದಳು. ಬಾಗಿಲ ಮೇಲಿನ ಫಲಕದಲ್ಲಿ ಅವಳ ಹೆಸರು ಸುಲಭಾ.

“ಕಾಯ ಪಾಹಿಜೆ?” ಏನು ಬೇಕು ಎಂದಳು.

ಜೈಭೀಮ ತನ್ನ ಪುಣೇರಿ ಮರಾಠಿ ತೆಗೆದ. ಬಚ್ಚಲಿನ ಕೆಲಸ ನೋಡಿಹೋಗಲು ಬಂದಿದ್ದೇನೆ ಎಂದ. ಬಿಲ್ಡರ ಕಡೆಯವನೆಂದು ತಿಳಿದ ಅವಳು ಮುಖವರಳಿಸಿ ಒಳಗಿನ ಬಾಗಿಲು ತಳ್ಳಿ ತೋರಿಸಿದಳು. ಅವನು ಹೊಸ್ತಿಲಾಚೆಯಿಂದಲೇ ನೋಡಿದ. ಗೋಡೆಯ ನಡುವೆ ಚಿಪ್ಪಿನ ಸಾಲು. ನೆಲ ಕಲ್ಲಿನ ಬಣ್ಣ. ಬಕೀಟು, ಮಗ್ಗು, ಗೀಜರು, ಒಣಗಲು ಹಾಕಿದ ಹಳದಿ ಟವೆಲ್ಲು. ಒಂದು ಟೈಲನ್ನೂ ಯಾರೂ ಕಿತ್ತಿರಲಿಲ್ಲ.

“ಕಿತೀ ಛಾನ ಝಾಲಂಯ ನಾ,” ಎಂದಳು ಸುಲಭಾ. ಎಷ್ಟು ಚೆಂದ ಆಗಿದೆಯಲ್ಲ. ಹಳೆಯ ಮನೆಯಲ್ಲಿ ನೀರು ನಿಂತು ಕಾಲು ಜಾರುತ್ತಿತ್ತಂತೆ. ಇಲ್ಲಿ ಒಂದು ಹನಿ ನಿಲ್ಲುವುದಿಲ್ಲ, ಮಾಡಿದವನ ಕೈ ಚೆನ್ನಾಗಿರಲಿ ಎಂದಳು. ಒಂದು ಪೇಢಾ ತಂದು ಮೇಲ್ಗಡೆಯಿಂದ ಅವನ ಅಂಗೈಗೆ ಬೀಳಿಸಿದಳು. ಬೆರಳು ತಾಗದ ಹಾಗೆ ಬೀಳಿಸುವುದು ಅವಳಿಗೆ ಅಭ್ಯಾಸವಿತ್ತು.

“ತಾಯಿ, ಒಂದ್ ಸಲ ಒಳಗೆ ಹೋಗಿ ಬರಲೇ?” ಜೈಭೀಮ ಮರಾಠಿಯಲ್ಲಿ ಕೇಳಿದ. ಹೊಟ್ಟೆ ಒಡೆಯುವ ಹಾಗಾಗಿತ್ತು.

ಅವಳು ಅವನ ಸಿಮೆಂಟು ಹತ್ತಿದ ಕಾಲು ನೋಡಿದಳು. ಕೈ ನೋಡಿದಳು. ಮುಖದ ಮೇಲಿನ ನಗು ಹಾಗೇ ಇತ್ತು, ಬಾಗಿಲು ಮಾತ್ರ ಮುಚ್ಚಿತು. “ಇಥೆ ನಾಹೀ. ಖಾಲೀ ಜಾ.”

ಇಲ್ಲಿ ಅಲ್ಲ, ಕೆಳಗೆ ಹೋಗು. ಮರಾಠಿಯ ಖಾಲಿ ಎಂದರೆ ಕೆಳಗೆ. ಕನ್ನಡದ ಖಾಲಿ ಮಾಡಲೆಂದೇ ಅವನು ಬಂದದ್ದು. ಬೇರೆ ದಿನವಾಗಿದ್ದರೆ ಇದೊಂದು ನಾಟಕಕ್ಕೆ ಆಗುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಸುಲಭ ಎಂದು ಬರೆದ ಪಾಯಖಾನೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ಎಂದೂ ಸೇರಿಸುತ್ತಿದ್ದ. ಅಂದು ನಗು ಬರಲಿಲ್ಲ. ಕೆಳಗಿಳಿದು ತಗಡಿನ ಹಿಂದೆ ನಿಂತ. ಕೈಯಲ್ಲಿ ಪೇಢಾ ಇತ್ತು. ಉಚ್ಚೆಯ ಮೇಲೇ ಎಸೆದ.

ಹದಿನಾಲ್ಕು ಮಹಡಿ ಒಂದೇ ಉಸಿರಿಗೆ ಹತ್ತಿದ.

“ಮಾಮಾ, ಥಾಪಿ ಕೆಳಗ ಇಡು.”

“ಯಾಕೋ, ಏನಾತು?”

“ಮೊದಲ್ನೇದ್ ಪರೀಕ್ಷಾ ನೀನು ಪಾಸ್ ಆಗಿದ್ದಿ. ಒಂಬತ್ತರಾಗ ಜನ ಝಳಕಾ ಮಾಡ್ಲಕತ್ತಾರ, ನಿನ್ನ ಬಚ್ಚಲಾಗ. ಚಿಪ್ಪಿಂದು. ಒಂದ್ ಟೈಲ್ ಭೀ ತಗದಿಲ್ಲ.”

ಜಟ್ಟೆಪ್ಪ ಮುಂದಿನ ಟೈಲು ಇಟ್ಟ. ಸುತ್ತಿಗೆಯಿಂದ ನಾಲ್ಕೂ ಮೂಲೆ ತಟ್ಟಿದ. ಇನ್ನೊಂದು ಎತ್ತಿಕೊಂಡ.

“ಕೇಳ್ಸಲ್ತೇನ್ ಮಾಮಾ? ಟೆಸ್ಟಿಲ್ಲ ಏನಿಲ್ಲ. ಪುಕ್ಕಟ ದುಡಸ್ಲಕತ್ತಾನ. ನಾವು ಫೇಲ್ ಆದ್ರ ಮುಂದಿನ್ ತಂಡ ಬರ್ತದ. ಅವ್ರೂ ಫೇಲ್. ಬಿಲ್ಡಿಂಗ್ ಪಾಸ್.”

ಅಕ್ಕಪಕ್ಕದ ಸುತ್ತಿಗೆಗಳು ಒಂದೊಂದಾಗಿ ನಿಂತವು. ಮಂದಿ ಬಂದು ಬಾಗಿಲಲ್ಲಿ ಗುಂಪಾದರು. ಸಾಬವ್ವ ತಲೆಯ ಮೇಲಿನ ಕೊಡ ಇಳಿಸಲಿಲ್ಲ, ಹಾಗೇ ನಿಂತು ಕೇಳಿದಳು.

ಜಟ್ಟೆಪ್ಪ ಎತ್ತಿಕೊಂಡ ಟೈಲನ್ನು ತೊಡೆಯ ಮೇಲಿಟ್ಟುಕೊಂಡು ಅಂದ, “ಇದು ಖಮೀಸ್ ಸಾಹೇಬ್ರಿಗಿ ಗೊತ್ತಿಲ್ಲ.”

“ಹ್ಞಾಂ?”

“ಶ್ರೀನಾಥಂದ್ ಕಳ್ಳತನ ಇದು. ಸಾಹೇಬ್ರು ಅಂಥೋರಲ್ಲ. ನಮ್ ಕೆಲಸ ಅವ್ರು ಕಣ್ಣೀಲಿ ನೋಡಿದ್ರ ಮುಗೀತು. ಅವ್ರಿಗಿ ಹ್ಯಾಂಗರ ಮಾಡಿ ತಿಳಸಬೇಕು.”

ಜೈಭೀಮ ಮಾಮನ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ, ಇನ್ನೂ ನಂಬಿಕೆ ಇತ್ತು. ಸಿಟ್ಟಿಗಿಂತ ಅದು ನೋಡಲು ಕಷ್ಟ. ಆಗ ಅವನ ತಲೆಗೆ ತನ್ನ ಹಳೆಯ ಚಾಳಿ ಬಂತು. ಸಾಬವ್ವನ ಸಣ್ಣ ಫೋನು ಕೇಳಿ ಇಸಕೊಂಡ. ಆ ನಂಬರು ಶ್ರೀನಾಥನ ಹತ್ತಿರ ಇರಲಿಲ್ಲ. “ಸಾಹೇಬ್ರನ್ನ ಇಲ್ಲಿಗೇ ಕರಸ್ತೀನಿ. ಅವಂಗೊಂದಿಷ್ಟು ಬೆವರಿಳೀಲಿ,” ಎಂದು ಮೂಗು ಹಿಡಿದುಕೊಂಡ.

“ಹಲೋ ಶ್ರೀನಾಥ್. ಹಮ್ ಖಮೀಸ್.”

ಆ ಕಡೆ ಮಾತು ಕಡಿದುಹೋಯಿತು. ಉಸಿರಾಟ ಮಾತ್ರ.

“ಹಮ್ ಪೂನಾ ಆ ಗಯಾ. ನಯಾ ಸಿಮ್ ಲಿಯಾ. ಚೌದಾ ಮಾಲಾ ಪೇ ಖಡಾ ಹೈ. ಟೆಸ್ಟ್ ದೇಖೇಗಾ. ತುಮ್ ಆಓ.”

ಪುಣೆಗೆ ಬಂದಿದ್ದೇನೆ, ಹದಿನಾಲ್ಕರಲ್ಲಿ ನಿಂತಿದ್ದೇನೆ, ಪರೀಕ್ಷೆ ನೋಡಬೇಕು, ಬಾ. ಆ ಕಡೆಯಿಂದ ತೀರಾ ಮೆತ್ತಗಾದ ದನಿ. “ಜೀ ಸಾಬ್. ಅಭೀ ಆಯಾ ಸಾಬ್. ಕೆಳಗೇ ಇದೀನಿ ಸಾಬ್.” ಹೆದರಿಕೆಯಲ್ಲಿ ಹಿಂದಿಗೆ ಕನ್ನಡ ಬೆರೆತಿತ್ತು.

ಫೋನು ಇಟ್ಟೊಡನೆ ಎಲ್ಲರೂ ನಗು ತಡೆಯಲು ಒದ್ದಾಡಿದರು. ಅಫಜಲಪುರದ ಮುದುಕನೊಬ್ಬ ಬಾಯಿಗೆ ಟವೆಲು ತುರುಕಿಕೊಂಡ. ಝಾರ್ಖಂಡದವರು ಗೋಡೆಗೆ ಮುಖ ಮಾಡಿ ನಿಂತು ಅಲ್ಲಾಡುತ್ತಿದ್ದರು. ಸಾಬವ್ವ ಕೂಡ ಕೊಡ ಇಳಿಸಿ ನಕ್ಕಳು. ಮೂರು ಪರೀಕ್ಷೆಗಳಲ್ಲಿ ಮೊದಲ ಸಲ ಅವರಿಗೆ ನಗು ಬಂದಿತ್ತು.

ಲಿಫ್ಟಿನ ಸದ್ದಾಯಿತು. ಶ್ರೀನಾಥ್ ಓಡಿಬಂದ. ಎರಡೂ ಕೈ ಜೋಡಿಸಿಕೊಂಡಿದ್ದ. ಮೊದಲ ಕೋಣೆಗೆ ತಲೆ ಬಾಗಿಸಿ, “ಸಲಾಂ ಸಾಬ್,” ಎಂದ. ಯಾರೂ ಇಲ್ಲ. ಅಡುಗೆಮನೆಗೆ ಬಾಗಿದ. ಬಾಲ್ಕನಿಗೆ ಬಾಗಿದ. ಸಿಮೆಂಟಿನ ಚೀಲಕ್ಕೂ ಒಮ್ಮೆ ಬಾಗಿದ. “ಸಾಬ್, ಎಲ್ಲಿದ್ದೀರಾ ಸಾಬ್?”

ಬಚ್ಚಲ ಬಾಗಿಲಿನಿಂದ ಜೈಭೀಮ, ಅದೇ ಮೂಗಿನಲ್ಲಿ, “ಇಧರ್ ಹೈ ಬೇಟಾ,” ಎಂದ.

ನಗು ಒಡೆಯಿತು. ಬರಿಯ ಗೋಡೆಗಳ ಆ ಮನೆಯಲ್ಲಿ ಅದು ಕೋಣೆಯಿಂದ ಕೋಣೆಗೆ ಓಡಿತು. ಕಾರಿನ ಕೀಲಿಯಿಂದ ತಮ್ಮ ಬದುಕನ್ನು ಕುಟ್ಟಿ ನೋಡುತ್ತಿದ್ದ ಮನುಷ್ಯ ಸಿಮೆಂಟಿನ ಚೀಲಕ್ಕೆ ಸಲಾಂ ಹೊಡೆದಿದ್ದ. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.

ಆಗ ಶ್ರೀನಾಥನೂ ನಕ್ಕ. ಜೋಡಿಸಿದ ಕೈ ಬಿಡಿಸಿ ಗೋಡೆಗೆ ಒರಗಿ ನಕ್ಕ. ಉಳಿದವರ ನಗು ಮುಗಿಯಿತು, ಅವನದು ಮುಗಿಯಲಿಲ್ಲ. ಕಣ್ಣೀರು ಒರೆಸಿಕೊಂಡ. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು.

“ಅಯ್ಯೋ ಜೆ.ಬಿ. ಫೋನಲ್ಲೇ ನಂಗೆ ನಗು ತಡೆಯಕ್ಕಾಗ್ಲಿಲ್ಲ ಕಣ್ರೀ,” ಎಂದ. “ನನ್ನ ವಾಯ್ಸಲ್ಲಿ ನಂಗೇ ಫೋನ್ ಮಾಡ್ತೀರಲ್ಲ.”

ಯಾರಿಗೂ ತಿಳಿಯಲಿಲ್ಲ.

ಶ್ರೀನಾಥ್ ಗಂಟಲು ಸರಿಮಾಡಿಕೊಂಡ. ಮೂಗಿನಿಂದ ಉಸಿರೆಳೆದ. ಜಟ್ಟೆಪ್ಪನ ಕಡೆ ತಿರುಗಿದ.

“ಘುಟನಾ ಠೀಕ್ ಹೈ, ಮಿಸ್ತ್ರಿ?”

ಅದೇ ದನಿ. ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಬಂದ ದನಿ. ಸಮುದ್ರದಾಚೆಯಿಂದ ಬಂದದ್ದಲ್ಲ. ಆ ಖಮೀಸಿನೊಳಗೆ ಮನುಷ್ಯನೇ ಇರಲಿಲ್ಲ. ಮಸ್ಕತ್ತಿನ ಕಂಪನಿ ಇರಲಿಲ್ಲ, ವೀಸಾ ಇರಲಿಲ್ಲ, ಟಿಕೆಟ್ಟು ಇರಲಿಲ್ಲ. ಜೈಭೀಮ ಅಷ್ಟು ದಿನ ಶೆಡ್ಡಿನಲ್ಲಿ ಅಣಕಿಸಿದ್ದು ಒಂದು ಅಣಕವನ್ನು.

ಜಟ್ಟೆಪ್ಪನ ಬಾಯಿ ರೂಢಿಯ ಮೇಲೆ ತಾನೇ ತೆರೆಯಿತು. “ಠೀಕ್,” ಎಂದಿತು.

“ಇದನ್ನ ಮನಸ್ಸಿಗೆ ಹಚ್ಕೋಬೇಡಿ. ಎಲ್ಲಾ ಕಡೆ ಹಿಂಗೇ ನಡೆಯೋದು,” ಎಂದ ಶ್ರೀನಾಥ್. ಈಗ ಅವನ ಮಾತಿಗೆ ಇಸ್ತ್ರಿ ಬೇಕಿರಲಿಲ್ಲ. “ಈ ಬಚ್ಚಲು ಮುಗ್ಸಿ. ನಾಳೆ ಆಫೀಸಿಗೆ ಬಂದು ಪಾಸ್‌ಪೋರ್ಟ್ ತಗೊಂಡ್ ಹೋಗಿ. ಮುಗಿಸಿಲ್ಲ ಅಂದ್ರೆ ಡ್ರಾಯರಲ್ಲೇ ಇರತ್ತೆ. ಪೊಲೀಸ್ ಹತ್ರ ಹೋಗ್ತೀರಾ, ಹೋಗಿ. ಏನಂತ ಹೇಳ್ತೀರಾ? ಬಾತ್‌ರೂಮ್ ಮಾಡಿದ್ವಿ ಅಂತಾನಾ?” ಮತ್ತೆ ನಕ್ಕ. ಆಮೇಲೆ ಜೈಭೀಮನ ಹೆಗಲ ಮೇಲೆ ಕೈ ಇಟ್ಟ. ಅವನು ಇವರಲ್ಲಿ ಯಾರನ್ನಾದರೂ ಮುಟ್ಟಿದ್ದು ಅದೇ ಮೊದಲು. “ಜೆ.ಬಿ., ನೀವು ನಂಗಿಂತ ಚೆನ್ನಾಗಿ ಮಾಡ್ತೀರಾ. ಸೀರಿಯಸ್ಸಾಗಿ ಹೇಳ್ತಿದೀನಿ. ನಾಳೆಯಿಂದ ಎ.ಸಿ. ಆಫೀಸಲ್ಲಿ ಕೂತ್ಕೊಳ್ಳಿ. ನೀವೇ ಖಮೀಸ್. ನಿಮ್ ಕಡೆ ಜನ ಬಹಳ ಬರ್ತಾರೆ, ನಿಮ್ ಭಾಷೆನೂ ಗೊತ್ತಿದೆ. ಬಿ.ಎ. ಮಾಡ್ಕೊಂಡು ಈ ಕೆಲಸ ಯಾಕೆ?”

ಫಾರಿನ್ನಿನ ಕೆಲಸ ಹುಡುಕಿಕೊಂಡು ಬಂದವನಿಗೆ ಕೆಲಸ ಸಿಕ್ಕಿತ್ತು. ಫಾರಿನ್ನಿನವನಾಗುವ ಕೆಲಸ. ಪರೀಕ್ಷೆಯೂ ಪಾಸಾಗಿತ್ತು.

ಜೈಭೀಮ ಬಾಯಿ ತೆರೆದ. ಯಾವುದಾದರೂ ಒಂದು ದನಿ ಬರಲಿ ಎಂದು ಕಾದ. ಮುಕಾದಮನದು ಬರಲಿಲ್ಲ. ಕಂಡಕ್ಟರನದು ಬರಲಿಲ್ಲ. ಬಂದದ್ದು ತನ್ನದೇ ದನಿ. ಅದು ಅವನಿಗೇ ಒರಟಾಗಿ ಕೇಳಿಸಿತು.

“ಒಲ್ಲೆ.”

ಹೆಗಲ ಮೇಲಿನ ಕೈ ತೆಗೆದುಹಾಕಿದ. “ನನ್ನ ಹೆಸ್ರು ಜೈಭೀಮ. ಪೂರಾ ಕರೀರಿ. ಇಲ್ಲಾಂದ್ರ ಕರೀಬ್ಯಾಡ್ರಿ.”

ಶ್ರೀನಾಥ್ ಭುಜ ಕುಣಿಸಿದ. ಗುಂಪಿನ ಕಡೆ ತಿರುಗಿ, “ನಿಮ್ದೇನು?” ಎಂದ. ಅಫಜಲಪುರದ ಮುದುಕ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಜೈಭೀಮನ ಮುಖ ನೋಡದೆ ತನ್ನ ಬಚ್ಚಲಿಗೆ ಹೋದ. ಝಾರ್ಖಂಡದವರು ಹೋದರು. ಸೊಲ್ಲಾಪುರದವರು ಹೋದರು. ಪಾಸ್‌ಪೋರ್ಟು ಎಲ್ಲರದೂ ಡ್ರಾಯರಿನಲ್ಲಿತ್ತು. ಟಪ್ ಟಪ್ ಮತ್ತೆ ಶುರುವಾಯಿತು.

ಜಟ್ಟೆಪ್ಪನೂ ಬಚ್ಚಲಿಗೆ ತಿರುಗಿದ. ಗೋಡೆ ಹಿಡಿದು ಒಂದು ಕಾಲು ಮಡಚಿದ. ಇನ್ನೊಂದು ಮಡಚಿದ. ಮೊಣಕಾಲೂರಿ ಥಾಪಿ ಎತ್ತಿಕೊಂಡ.

“ಹಾಂ, ನೋಡಿ, ಹಿರೀರಿಗೆ ಅರ್ಥ ಆಗತ್ತೆ,” ಎಂದ ಶ್ರೀನಾಥ್.

ಜಟ್ಟೆಪ್ಪ ಥಾಪಿಯ ತುದಿಯನ್ನು ತಾನು ಕೊನೆಗೆ ಹಚ್ಚಿದ ಟೈಲಿನ ಅಡಿಗೆ ತೂರಿಸಿದ. ಹಸಿ ಸಿಮೆಂಟಿನಿಂದ ಅದು ಚಪ್ಪರಿಸಿದಂಥ ಸದ್ದು ಮಾಡಿ ಬಿಟ್ಟುಬಂತು. ಸಾಬವ್ವ ಬಂದು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಟೈಲು ಇಸಕೊಂಡು ಬೆನ್ನು ಒರೆಸಿ ಗೋಡೆಗೆ ಆನಿಸಿಟ್ಟಳು. ಎರಡನೆಯದು. ಮೂರನೆಯದು. ಹೇಳಿ ಮಾಡಿಕೊಂಡದ್ದೇನೂ ಇರಲಿಲ್ಲ. ಹಚ್ಚುವಾಗ ಹೇಗೆ ಕೈಗೆ ಕೈ ಕೊಟ್ಟಿದ್ದರೋ ಕೀಳುವಾಗಲೂ ಹಾಗೇ.

“ಏಯ್, ಏನ್ ಮಾಡ್ತಿದೀರಾ? ಜಟ್ಟೆಪ್ಪಾ, ಪಾಸ್‌ಪೋರ್ಟ್ ಬೇಡ್ವಾ?”

“ಇಟ್ಕೋರಿ,” ಎಂದ ಜಟ್ಟೆಪ್ಪ. “ಎಲ್ಲಿಗಿ ಹೋಗೂದದ.”

“ಮುಂದೆ ಯಾವ ಏಜನ್ಸೀಲೂ ನಿಮ್ಮ ಹೆಸರು ಬರಲ್ಲ, ನೆನಪಿರ್ಲಿ.”

“ಬ್ಯಾಡ್ರಿ.”

ಬೆಳಗಿನಿಂದ ಹಚ್ಚಿದ ನೆಲವೆಲ್ಲ ಎದ್ದಿತು. ಕೆಳಗೆ ಒದ್ದೆ ಸಿಮೆಂಟು, ಅದರ ಮೇಲೆ ಮೊಣಕಾಲಿನ ಗುರುತುಗಳು. ಜೈಭೀಮನೂ ಕೂತು ಗೋಡೆಯ ಕೆಳಸಾಲು ಬಿಡಿಸಿದ. ಹಸಿ ಸಿಮೆಂಟಿಗೆ ಕೈ ಸುಟ್ಟಿತು. ಶ್ರೀನಾಥ್ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನಿಗೆ ಅದೂ ತಮಾಷೆಯಾಗಿ ಕಂಡಿತು.

“ಕಿತ್ಕೊಳ್ಳಿ ಕಿತ್ಕೊಳ್ಳಿ,” ಎಂದ. “ಟೈಲ್ಸ್ ಏನೂ ಒಡ್ದಿಲ್ಲವಲ್ಲ. ನಾಳೆ ಬೇರೆ ಬ್ಯಾಚ್ ಬರತ್ತೆ. ಯಾದಗಿರಿಯೋರು. ಅವರು ಹಚ್ತಾರೆ.” ಹೇಳುತ್ತ ಹೇಳುತ್ತ ಮತ್ತೆ ನಗತೊಡಗಿದ.

ಜಟ್ಟೆಪ್ಪ ಏಳಲು ಹೋದ. ಗೋಡೆಗೆ ಕೈ ಕೊಟ್ಟ. ಕಾಲು ಬರಲಿಲ್ಲ. ಇನ್ನೊಮ್ಮೆ ಒತ್ತಿದ. ಮೊಣಕಾಲು ಆ ಒದ್ದೆ ಸಿಮೆಂಟಿನಲ್ಲಿ ಬೇರು ಬಿಟ್ಟ ಹಾಗೆ ಕೂತೇ ಇತ್ತು. ಶ್ರೀನಾಥ್ ಅದನ್ನು ನೋಡಿ ಇನ್ನಷ್ಟು ನಕ್ಕ. “ಸಾಬ್ ಕೇಳ್ತಿದಾರೆ ನೋಡಿ, ಘುಟನಾ ಠೀಕ್ ಹೈ?” ಎಂದ.

“ಇಲ್ಲ,” ಎಂದ ಜಟ್ಟೆಪ್ಪ. “ಠೀಕ್ ಇಲ್ಲ.”

ಹಾಗೆಂದವನು ತನ್ನ ಎರಡು ಮೊಣಕಾಲುಗಳನ್ನು ನೋಡಿಕೊಂಡ. ನಗತೊಡಗಿದ. ಮೊದಲು ಸಣ್ಣಗೆ. ಆಮೇಲೆ ಹೊಟ್ಟೆಯಿಂದ. ಶೆಡ್ಡಿನ ನಾಟಕಗಳಿಗೆ ಒಂದು ದಿನವೂ ನಗದವನು ತಲೆಯನ್ನು ಹಿಂದಕ್ಕೆ ಹಾಕಿ ನಕ್ಕ. ಸುತ್ತಿಗೆಗಳು ನಿಂತುಹೋದವು. ಸಾಬವ್ವ ಒಂದು ರಟ್ಟೆ ಹಿಡಿದಳು, ಜೈಭೀಮ ಇನ್ನೊಂದು. ಎತ್ತಿದರೂ ಅವನು ಕೈಗೆ ಬರುತ್ತಿರಲಿಲ್ಲ, ನಗುತ್ತಲೇ ಜಾರಿ ಕೆಳಗೆ ಬೀಳುತ್ತಿದ್ದ. ಶ್ರೀನಾಥನ ನಗು ಎಲ್ಲಿ ನಿಂತಿತೆಂದು ಯಾರಿಗೂ ಗೊತ್ತಾಗಲಿಲ್ಲ. ಅವನು ಬಾಗಿಲ ಕಡೆ ನೋಡಿದ. ಲಿಫ್ಟಿನ ಕಡೆ ನೋಡಿದ.

“ಸಾಕು ಸುಮ್ನಿರಿ,” ಎಂದ. “ಕೆಳಗೆ ಫ್ಲ್ಯಾಟಿನೋರು ಇದ್ದಾರೆ, ಕೇಳಿಸತ್ತೆ.”

ಜಟ್ಟೆಪ್ಪ ಇನ್ನೂ ಜೋರಾಗಿ ನಕ್ಕ.